ಎತ್ತು ಜಾರದ ಕಲ್ಲು: ಬಾದಾಮಿಯಿಂದ ವಿಜಯಪುರದವರೆಗೆ ನಾಲ್ಕು ದಿನ

ನನ್ನ ಮಗಳಿಗೆ ಹತ್ತು ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಓಡಾಟವೆಲ್ಲ ವೀಲ್‌ಚೇರ್ ಮೇಲೆಯೇ. ಬಾಗಲಕೋಟೆಯ ನವನಗರದಲ್ಲಿ ನಮ್ಮಂಥ ಹನ್ನೊಂದು ಮನೆಯವರು ಸೇರಿ ಊರ ಹೊರಗೆ ಒಂದೂವರೆ ಎಕರೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ತೆಗೆದುಕೊಂಡಿದ್ದೇವೆ. ಅಲ್ಲಿ ಶಾಲೆ ಕಟ್ಟಬೇಕು. ಪಾಠ, ಫಿಸಿಯೋಥೆರಪಿ, ಮಾತಿನ ತರಬೇತಿ ಎಲ್ಲ ಒಂದೇ ಕಡೆ ಸಿಗಬೇಕು. ಈಗ ಮಕ್ಕಳನ್ನು ಹೊತ್ತುಕೊಂಡು ವಾರಕ್ಕೆ ಮೂರು ದಿನ ಮೂರು ಕಡೆ ಅಲೆಯುತ್ತಿದ್ದೇವೆ.

ಮೊದಲ ನಕ್ಷೆ ಬಂದಿತ್ತು. ಮುಂದೆಲ್ಲ ಗಾಜು, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಕೋಣೆಗೊಂದು ಎ.ಸಿ. ನೋಡಲು ಚಂದ. ಆದರೆ ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟು ಹೋಗುವುದೂ ಸರಿಯಾಗಿ ಮಧ್ಯಾಹ್ನವೇ. ನಮ್ಮ ಗುಂಪಿನ ಒಬ್ಬ ಹುಡುಗನ ಬೆನ್ನುಹುರಿಗೆ ಪೆಟ್ಟಾಗಿದೆ. ಪೆಟ್ಟಾದ ಜಾಗದ ಕೆಳಗೆ ಅವನಿಗೆ ಬೆವರು ಬರುವುದಿಲ್ಲ. ಸೆಕೆ ಏರಿದರೆ ಮೈ ತಾನಾಗಿ ತಣಿಯುವುದಿಲ್ಲ. ಅಂಥ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಸಿ, ಕರೆಂಟು ಬರಲಿ ಎಂದು ಕಾಯುವುದಾ?

ನನ್ನ ತಮ್ಮ ಗೌಂಡಿ. ಇಪ್ಪತ್ತು ವರ್ಷದಿಂದ ಕಲ್ಲು, ಇಟ್ಟಿಗೆ, ಗಾರೆ ಅವನ ಕೈಯಲ್ಲಿವೆ. ನಕ್ಷೆ ನೋಡಿ ಅವನು ಹೇಳಿದ್ದು ಒಂದೇ ಮಾತು: “ಅಕ್ಕಾ, ಮೊದಲ ಹಳೇವು ನೋಡ್ಕೊಂಡು ಬರೂಣು. ಇವಳನ್ನೂ ಕರ್ಕೊಂಡೇ ಹೋಗೂಣು.”

ಹಾಗೆ ಏಪ್ರಿಲ್ ರಜೆಯಲ್ಲಿ ಮೂವರೂ ಹೊರಟೆವು. ಚೀಲದಲ್ಲಿ ನೀರು, ಔಷಧಿ, ಒಂದು ಅಳತೆಯ ಟೇಪು.

ಮೊದಲ ದಿನ: ಬಾದಾಮಿ

ಬೆಳಗಿನ ಐದೂವರೆಗೇ ಕಾರು ಹತ್ತಿದೆವು. ಈ ಕಾಲದಲ್ಲಿ ಹನ್ನೊಂದರೊಳಗೆ ನೋಡುವುದನ್ನು ನೋಡಿ ನೆರಳು ಸೇರಬೇಕು. ನಾಲ್ಕು ಗಂಟೆಯವರೆಗೆ ಹೊರಗೆ ಬರಬಾರದು. ಮಕ್ಕಳಿದ್ದರಂತೂ ಇದು ಕಟ್ಟುನಿಟ್ಟು.

ಗುಳೇದಗುಡ್ಡ ದಾಟುವಾಗ ಮಗ್ಗದ ಸಪ್ಪಳ ಕೇಳಿಸಿತು. ಖಣ ನೇಯುವ ಮನೆಗಳು ಆಗಲೇ ಎದ್ದಿದ್ದವು. ಆಮೇಲೆ ಕೆಂಪು ಗುಡ್ಡಗಳು ಶುರು. ಬಾದಾಮಿಯ ಮರಳುಗಲ್ಲಿನ ಮೇಲೆ ಎಳೆ ಬಿಸಿಲು ಬಿದ್ದಾಗಿನ ಬಣ್ಣ ನೋಡಲೆಂದೇ ಒಮ್ಮೆ ಹೋಗಬೇಕು.

ಗುಹೆಗಳಿಗೆ ಕಡಿದಾದ ಮೆಟ್ಟಿಲು. ಮಗಳಿಗೆ ಆಗುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ತಮ್ಮ ಒಬ್ಬನೇ ಹತ್ತಿದ. ನಾವಿಬ್ಬರೂ ಅಗಸ್ತ್ಯ ತೀರ್ಥದ ದಂಡೆಗೆ ಹೋದೆವು. ಬಟ್ಟೆ ಒಗೆಯುವ ಹೆಂಗಸರು ಕಲ್ಲಿಗೆ ಸೀರೆ ಬಡಿಯುತ್ತಿದ್ದರು. ಆ ಸಪ್ಪಳ ಎದುರಿನ ಬಂಡೆಗೆ ತಾಗಿ ತಡವಾಗಿ ಮರಳಿ ಬರುತ್ತಿತ್ತು. ಮಗಳು ಅದನ್ನೇ ಎಣಿಸುತ್ತ ಕೂತಳು. ಅಷ್ಟರಲ್ಲಿ ಒಂದು ಮಂಗ ಬಂದು ಅವಳ ತೊಡೆಯ ಮೇಲಿದ್ದ ಬಾಳೆಹಣ್ಣಿನ ಚೀಲವನ್ನೇ ಎತ್ತಿಕೊಂಡು ಹೋಯಿತು. ಔಷಧಿ ಚೀಲ ನನ್ನ ಹೆಗಲಲ್ಲಿತ್ತು, ಪುಣ್ಯ. ಬಾದಾಮಿಯಲ್ಲಿ ತಿನ್ನುವುದನ್ನು ಯಾವತ್ತೂ ಕೈಯಲ್ಲಿ ಹಿಡಿಯಬೇಡಿ.

ತಮ್ಮ ಇಳಿದು ಬಂದವನೇ ನನ್ನ ಅಂಗೈ ಹಿಡಿದ. ಅವನ ಕೈ ತಣ್ಣಗಿತ್ತು. ಮೂರನೆಯ ಗುಹೆಯ ಗೋಡೆಗೆ ಕೈಯಿಟ್ಟು ಬಂದಿದ್ದನಂತೆ. ಆ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಹೊರಗೆ ಬಂಡೆ ಕಾಯುತ್ತಿದ್ದರೂ ಒಳಗೆ ಆ ಕಾವು ತಲುಪಿರಲಿಲ್ಲ. ದಪ್ಪ ಕಲ್ಲು ಬಿಸಿಯನ್ನು ನಿಧಾನವಾಗಿ ಕುಡಿಯುತ್ತದೆ, ನಿಧಾನವಾಗಿ ಬಿಡುತ್ತದೆ. ಎರಡು ಫುಟಿನ ಕಲ್ಲು ಗೋಡೆಯಾದರೆ ಮಧ್ಯಾಹ್ನದ ಕಾವು ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಕಿಟಕಿ ತೆರೆದಿಟ್ಟರೆ ತಂಪು ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಶಾಲೆಯಲ್ಲಿ ರಾತ್ರಿ ಮಕ್ಕಳು ಇರುವುದಿಲ್ಲವಲ್ಲ. ಹಾಗಾಗಿ ದಪ್ಪ ಗೋಡೆ ಮನೆಗಿಂತ ಶಾಲೆಗೇ ಜಾಸ್ತಿ ಒಪ್ಪುತ್ತದೆ ಎಂದ ತಮ್ಮ. ಕಳ್ಳರು ಬರದ ಹಾಗೆ ಸರಳು ಹಾಕಿ ಮೇಲ್ಗಿಂಡಿಗಳನ್ನು ಇಡೀ ರಾತ್ರಿ ತೆರೆದಿಡಬೇಕು, ಅಷ್ಟೇ.

ಮಧ್ಯಾಹ್ನದ ಊಟ ಬನಶಂಕರಿಯಲ್ಲಿ. ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತರುತ್ತಾರೆ. ಕಟಕ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಮಡಕೆಯಲ್ಲಿ ಗಟ್ಟಿ ಮೊಸರು. ಬಡಿಸಿದ ಆಯಿ ಮಗಳನ್ನು ನೋಡಿ “ಪಾಪ” ಅನ್ನಲಿಲ್ಲ. “ಇನ್ನೊಂದು ರೊಟ್ಟಿ ತಿನ್ನವ್ವಾ, ಗಾಲಿ ತಿರುವಾಕ ತೋಳಿನ್ಯಾಗ ಶಕ್ತಿ ಬೇಕಲ್ಲ” ಅಂದಳು. ಮಗಳು ಎರಡು ತಿಂದಳು. ಈ ಒಂದು ಮಾತಿಗಾಗಿ ನಾನು ಮತ್ತೆ ಬನಶಂಕರಿಗೆ ಹೋಗುತ್ತೇನೆ.

ರಾತ್ರಿ ಉಳಿದ ಲಾಡ್ಜಿನ ವಿಷಯ ಬೇರೆ. ಫೋನಿನಲ್ಲಿ “ವೀಲ್‌ಚೇರ್ ಆರಾಮಾಗಿ ಬರ್ತದ್ರಿ” ಅಂದಿದ್ದರು. ಕೋಣೆಯೊಳಗೆ ಬಂತು ನಿಜ. ಬಚ್ಚಲಿನ ಬಾಗಿಲು ಮಾತ್ರ ಎರಡೇ ಫುಟು. ಒಂದು ಫುಟು ಎತ್ತರದ ಹೊಸ್ತಿಲು ಬೇರೆ. ಮಗಳನ್ನು ಎತ್ತಿಕೊಂಡೇ ಒಳಗೆ ಹೋಗಬೇಕಾಯಿತು. ಹತ್ತು ವರ್ಷದ ಹುಡುಗಿಗೆ ಅದು ಎಷ್ಟು ನಾಚಿಕೆ ಅಂತ ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ರೂಮು ಹಿಡಿಯುವ ಮೊದಲು ಬಚ್ಚಲಿನ ಬಾಗಿಲು ಎಷ್ಟು ಇಂಚು ಎಂದೇ ಕೇಳಬೇಕು. ಮೂರು ಫುಟು ಇದ್ದರೆ ನಿಶ್ಚಿಂತೆ. ನಮ್ಮ ಶಾಲೆಯ ಎಲ್ಲ ಬಾಗಿಲೂ 900 ಮಿಲಿಮೀಟರ್ ಬಿಡುವು ಬಿಟ್ಟೇ ಕೂರಬೇಕು ಎಂದು ಆ ರಾತ್ರಿಯೇ ವಹಿಯಲ್ಲಿ ಬರೆದುಕೊಂಡೆ. ಹೊಸ್ತಿಲು ಬೇಡವೇ ಬೇಡ.

ಎರಡನೆಯ ದಿನ: ಪಟ್ಟದಕಲ್ಲು, ಐಹೊಳೆ

ಪಟ್ಟದಕಲ್ಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಲಪ್ರಭೆಯಲ್ಲಿ ನೀರು ಕಡಿಮೆ ಇತ್ತು. ಹುಲ್ಲುಹಾಸಿನ ನಡುವಿನ ದಾರಿಯಲ್ಲಿ ಮಗಳು ತಾನೇ ಗಾಲಿ ತಿರುವಿಕೊಂಡು ನಮಗಿಂತ ಮುಂದೆ ಹೋದಳು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಇದು. ಚಾಲುಕ್ಯರ ರಾಣಿ ಲೋಕಮಹಾದೇವಿ ತನ್ನ ಗಂಡನ ಕಂಚಿಯ ಗೆಲುವಿನ ನೆನಪಿಗೆ ಕಟ್ಟಿಸಿದ ವಿರೂಪಾಕ್ಷ ಗುಡಿಯನ್ನು ಅವಳು ಹೊರಗಿನಿಂದ ಒಂದು ಸುತ್ತು ಬಂದಳು. ಮೂಲೆಯ ಶಿಲ್ಪಗಳನ್ನೆಲ್ಲ ನನಗೇ ತೋರಿಸಿದಳು.

ಐಹೊಳೆಯಲ್ಲಿ ನಮ್ಮ ಅರ್ಧ ದಿನವೇ ಕಳೆಯಿತು.

ಅಲ್ಲಿನ ದುರ್ಗ ಗುಡಿ ನೋಡಿದ್ದೀರಲ್ವಾ? ಹಿಂಭಾಗ ಗುಂಡಗಿದೆ. ಅದಕ್ಕೆ ಹೆಸರು ಬಂದದ್ದು ದುರ್ಗಾದೇವಿಯಿಂದ ಅಲ್ಲ, ಕೋಟೆ ಎಂಬ ಅರ್ಥದ ದುರ್ಗದಿಂದ. ಗುಡಿಯ ಸುತ್ತ ಕಂಬಗಳ ಹಜಾರ. ಮೇಲೆ ನೆರಳು, ಬದಿಗೆ ಗಾಳಿ, ಕಂಬದ ನಡುವೆ ಬೆಳಕು. ತಮ್ಮ ಮಗಳನ್ನು ಕುರ್ಚಿ ಸಮೇತ ಮೇಲೆ ಹತ್ತಿಸಿದ. ಆ ಕೆಲಸಕ್ಕೆ ಇಬ್ಬರು ಕಾಲೇಜು ಹುಡುಗರು ಕೈ ಕೊಟ್ಟರು. ಮೇಲೆ ಹೋದ ಮೇಲೆ ಅವಳಿಗೆ ಯಾರೂ ಬೇಕಾಗಲಿಲ್ಲ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಕೇಳಿದಳು: “ಅಮ್ಮಾ, ಇಲ್ಲಿ ದಾರಿ ಮುಗಿಯೋದೇ ಇಲ್ಲ ಅಲ್ವಾ?”

ನಾನು ಅಲ್ಲೇ ಕಂಬಕ್ಕೆ ಒರಗಿ ಕೂತೆ. ನಮ್ಮ ಶಾಲೆಗಳ ಹಜಾರಗಳು ಯಾವುದೋ ಗೋಡೆಗೆ ಹೋಗಿ ನಿಲ್ಲುತ್ತವೆ. ಅಲ್ಲಿ ಕುರ್ಚಿ ತಿರುಗಿಸಲು ಜಾಗ ಇರುವುದಿಲ್ಲ. ವೀಲ್‌ಚೇರ್ ಒಂದು ಪೂರ್ತಿ ಸುತ್ತು ತಿರುಗಲು 1500 ಮಿಲಿಮೀಟರ್, ಅಂದರೆ ಐದು ಫುಟಿನ ವೃತ್ತ ಬೇಕು. ನಮ್ಮ ಗುಂಪಿನಲ್ಲಿ ಆಟಿಸಂ ಇರುವ ಒಬ್ಬ ಹುಡುಗನಿದ್ದಾನೆ. ಮನಸ್ಸು ಕಲಕಿದರೆ ಅವನು ನಡೆಯಬೇಕು, ನಡೆದೇ ಸಮಾಧಾನ ಮಾಡಿಕೊಳ್ಳುತ್ತಾನೆ. ಗೋಡೆ ಅಡ್ಡ ಬಂದರೆ ಅಳುತ್ತಾನೆ. ನೆರಳಿನ ಪ್ರದಕ್ಷಿಣೆಯ ದಾರಿಯೊಂದು ಶಾಲೆಗೆ ಇದ್ದರೆ ಅವನು ಎಷ್ಟು ಹೊತ್ತಾದರೂ ನಡೆಯಬಹುದು. ಟೀಚರ ಕಣ್ಣಳತೆಯೂ ತಪ್ಪುವುದಿಲ್ಲ. ಕೋಣೆಗಳ ಸುತ್ತಲಿನ ಈ ಹಜಾರವೇ ಬಿಸಿಲು ನೇರವಾಗಿ ಗೋಡೆಗೆ ಬೀಳದಂತೆ ತಡೆಯುತ್ತದೆ.

ಆದರೆ ಗುಡಿ ನಿಂತ ಆ ಕಟ್ಟೆಯ, ಜಗತಿಯ ಎತ್ತರ! ಒಳಗೆ ಅಷ್ಟು ಚಂದದ ದಾರಿ, ಅದನ್ನು ಮುಟ್ಟಲು ಮೂವರು ಗಂಡಸರ ತೋಳು. ತಮ್ಮ ಅಲ್ಲೇ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದ. ನಿಯಮದ ಪ್ರಕಾರ ರ್ಯಾಂಪಿನ ಇಳಿಜಾರು 1:12. ಎರಡು ಫುಟು ಎತ್ತರಕ್ಕೆ 24 ಫುಟು ಉದ್ದ. ನಮ್ಮ ಕಡೆ ಎರಡು ಫುಟಿಗೆ ಆರು ಫುಟಿನ ರ್ಯಾಂಪು ಮಾಡಿ “ಆತು ನೋಡ್ರಿ” ಅನ್ನುತ್ತಾರೆ. ಅದರಲ್ಲಿ ಹಿಂದಿನಿಂದ ತಳ್ಳುವವರಿಗೇ ಉಸಿರು ಕಟ್ಟುತ್ತದೆ. ಕೂತ ಮಗು ತಾನಾಗಿ ಹತ್ತುವುದು ಸಾಧ್ಯವೇ ಇಲ್ಲ. ತಮ್ಮನ ಲೆಕ್ಕ ಬೇರೆ: ರ್ಯಾಂಪೇ ಬೇಡ, ಅಂಗಳವನ್ನೇ 1:20ರಂತೆ ಏರಿಸೋಣ. ಎರಡು ಫುಟಿಗೆ 40 ಫುಟು. ಒಂದೂವರೆ ಎಕರೆಯಲ್ಲಿ ಜಾಗಕ್ಕೇನು ಕೊರತೆ? ಆಗ ಗೇಟಿನಿಂದ ಎಲ್ಲ ಮಕ್ಕಳೂ ಒಂದೇ ದಾರಿಯಲ್ಲಿ ಬರುತ್ತಾರೆ. ನಡೆಯುವವರಿಗೊಂದು, ಗಾಲಿಯವರಿಗೊಂದು ಅಂತ ಇರುವುದಿಲ್ಲ.

ಬರುವಾಗ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆವು. ಬಿಸಿ ಇರುವಾಗಲೇ ತಿನ್ನಬೇಕು. ಅಂಟು ಹಲ್ಲಿಗೆ ಹಿಡಿಯುತ್ತದೆ, ಬೆಲ್ಲ ಕರಗುತ್ತದೆ. ಮಗಳಿಗೆ ಅಗಿಯುವುದು ಕಷ್ಟ, ನಾನು ಚಿಕ್ಕ ಚೂರು ಮಾಡಿ ಕೊಟ್ಟೆ. ಆ ರಾತ್ರಿ ಲಾಡ್ಜಿನ ತಂಟೆಯೇ ಬೇಡವೆಂದು ಮನೆಗೇ ಬಂದು ಮಲಗಿದೆವು.

ಮೂರನೆಯ ದಿನ: ಕೊಲ್ಹಾರದ ಮೇಲೆ ವಿಜಯಪುರಕ್ಕೆ

ಅನಗವಾಡಿ ಸೇತುವೆಯ ಮೇಲೆ ತಮ್ಮ ಯಾವಾಗಲೂ ಕಾರು ನಿಧಾನ ಮಾಡುತ್ತಾನೆ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಹಳೆ ಬಾಗಲಕೋಟೆಯ ಮಾಳಿಗೆ ಮನೆಯಲ್ಲಿ, ಅಂದರೆ ಮಣ್ಣು ಹಾಸಿದ ಚಪ್ಪಟೆ ಚಾವಣಿಯ ಮನೆಯಲ್ಲಿ. ಅದು ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ಆ ಪಡಸಾಲೆಯ ತಂಪು ನನಗೆ ಇವತ್ತಿಗೂ ಬೆನ್ನಿಗೆ ನೆನಪಿದೆ. ನವನಗರದ ಸ್ಲ್ಯಾಬಿನ ಮನೆಗೆ ಬಂದ ಮೊದಲ ಬೇಸಿಗೆ ಅಪ್ಪ ರಾತ್ರಿಯೆಲ್ಲ ಅಂಗಳದಲ್ಲೇ ಮಲಗಿದ್ದರು.

ಕೃಷ್ಣೆಯ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆ ಉದ್ದವೋ ಉದ್ದ. ಅದನ್ನು ದಾಟಿದರೆ ಕೊಲ್ಹಾರದ ಮೊಸರು. ಮಡಕೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಮಡಕೆಯ ಮಣ್ಣು ನೀರನ್ನು ಹೀರಿ ಹೊರಗೆ ಆರಿಸುತ್ತದೆ, ಅದಕ್ಕೇ ಮೊಸರು ಗಟ್ಟಿಯೂ ಹೌದು ತಂಪೂ ಹೌದು. ಸಕ್ಕರೆ ಹಾಕಿಸಿಕೊಂಡು ಮೂವರೂ ರಸ್ತೆ ಬದಿಯ ಬೇವಿನ ನೆರಳಲ್ಲಿ ತಿಂದೆವು.

ಗೋಲಗುಂಬಜ್ ತಲುಪಿದಾಗ ಒಂಬತ್ತು ದಾಟಿತ್ತು. ಬೆಳಗಿನ ಮೊದಲ ಗಂಟೆಯಲ್ಲೇ ಹೋಗಬೇಕು. ಆಮೇಲೆ ಪ್ರವಾಸದ ಬಸ್ಸುಗಳು ಬರುತ್ತವೆ, ಎಲ್ಲರೂ ಕೂಗುತ್ತಾರೆ. ನಮಗೆ ಸಿಕ್ಕಿದ್ದು ಆ ಕೂಗೇ. ಪಿಸುಗುಟ್ಟುವ ಗ್ಯಾಲರಿ ಏಳು ಅಂತಸ್ತಿನ ಮಿನಾರದ ಮೆಟ್ಟಿಲು ಹತ್ತಿದವರಿಗೆ ಮಾತ್ರ. ನಾವು ಕೆಳಗಿನ ಹಜಾರದಲ್ಲೇ ಉಳಿದೆವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಇದು. ಗುಮ್ಮಟದ ಹೊರ ಅಳತೆ ಸುಮಾರು 44 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ತಲೆಯೆತ್ತಿ ನೋಡಿದಾಗ ತಮ್ಮ ಎರಡು ಕೈ ಜೋಡಿಸಿದ. ಗೌಂಡಿಯೊಬ್ಬ ಗೌಂಡಿಗಳಿಗೆ ಮಾಡಿದ ನಮಸ್ಕಾರ.

ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಅದು ಏಳೆಂಟು ಸಲ ತಿರುಗಿ ಬಂತು. ಮಗಳು ನಕ್ಕಳು. ಆದರೆ ನನ್ನ ಕಣ್ಣ ಮುಂದೆ ಆ ಆಟಿಸಂ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಚಿತ್ರ ಬಂತು. ನಮ್ಮ ಹೊಸ ಶಾಲೆಗಳ ಕೋಣೆಗಳೂ ಒಂಥರಾ ಸಣ್ಣ ಗೋಲಗುಂಬಜಗಳೇ. ನುಣ್ಣನೆ ಗೋಡೆ, ಹೊಳೆಯುವ ಟೈಲ್ಸು, ಖಾಲಿ ಸ್ಲ್ಯಾಬು. ಬಿದ್ದ ದನಿಯನ್ನೆಲ್ಲ ಅವು ಮರಳಿ ಎಸೆಯುತ್ತವೆ. ಕಿವಿಯ ಯಂತ್ರ ಹಾಕಿಕೊಂಡ ಮಗುವಿಗೆ ಇನ್ನೂ ಕಷ್ಟ. ಯಂತ್ರ ಟೀಚರ ಮಾತನ್ನೂ ದೊಡ್ಡದು ಮಾಡುತ್ತದೆ, ಅದರ ಮಾರ್ದನಿಯನ್ನೂ ದೊಡ್ಡದು ಮಾಡುತ್ತದೆ. ಎರಡೂ ಕಲಸಿಹೋಗುತ್ತವೆ. ಅಂಥ ಮಕ್ಕಳ ಕೋಣೆಯಲ್ಲಿ ದನಿ ಸುಮಾರು 0.4 ಸೆಕೆಂಡಿನಲ್ಲಿ ಅಡಗಬೇಕು ಎನ್ನುತ್ತಾರೆ ತಿಳಿದವರು.

ಬಿಸಿಲು ಇಳಿದ ಮೇಲೆ ಇಬ್ರಾಹಿಂ ರೋಜಾ. ಅಲ್ಲಿನ ಕಿಟಕಿಗಳಲ್ಲಿ ಗಾಜಿಲ್ಲ, ಕಲ್ಲನ್ನೇ ಅಕ್ಷರದ ಆಕಾರಕ್ಕೆ ಕೊರೆದ ಜಾಲಿ ಇದೆ. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಕಣ್ಣು ಕುಕ್ಕುವ ಝಳ ಬರುವುದಿಲ್ಲ. ಮಂದ ದೃಷ್ಟಿಯ ಮಕ್ಕಳಿಗೆ ಆ ಝಳವೇ ದೊಡ್ಡ ಶತ್ರು. ಕಲ್ಲು ಕೊರೆಸುವಷ್ಟು ಹಣ ನಮ್ಮಲ್ಲಿಲ್ಲ. ಸುಟ್ಟ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟುವುದು ತಮ್ಮನಿಗೆ ಬರುತ್ತದೆ. ಪಶ್ಚಿಮದ ಗೋಡೆ ಹಾಗೇ ಆಗಲಿದೆ.

ಆ ರಾತ್ರಿ ದೊಡ್ಡವ್ವನ ಮನೆಯಲ್ಲಿ ಉಳಿದೆವು. ಝುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ. ಊಟ ಮುಗಿಯುವಷ್ಟರಲ್ಲಿ ಗುಡುಗು ಶುರುವಾಗಿ ಜೋರು ಅಡ್ಡ ಮಳೆ ಬಂತು, ಕರೆಂಟು ಹೋಯಿತು. ದೊಡ್ಡವ್ವ ಹಾಸಿಗೆಯ ಕೋಣೆಯಿಂದ ಕೌದಿ ತೆಗೆಯುತ್ತಿದ್ದಳು. ಗೋಡೆಗೆ ಆತು ಸೀಲಿಂಗಿನವರೆಗೆ ಕೌದಿಗಳ ರಾಶಿ. ತಮ್ಮ ಸುಮ್ನೆ ಒಂದು ಚಪ್ಪಾಳೆ ತಟ್ಟಿದ. ದನಿ ಅಲ್ಲೇ ಸತ್ತಿತು. ಹೊರಗಿನ ಖಾಲಿ ಪಡಸಾಲೆಗೆ ಬಂದು ತಟ್ಟಿದ, ಗುಂಯ್ ಎಂದಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ದೊಡ್ಡವ್ವ, ನಮ್ಮ ಸಾಲಿ ಗ್ವಾಡಿಗೆ ಕೌದಿ ಹೊಲಿದು ಕೊಡ್ತಿ ಏನು?”

“ಗ್ವಾಡಿಗೆ ಚಳಿ ಆಗ್ತದೇನೋ ಹುಚ್ಚಾ?” ಅಂದಳು ಅವಳು. ವಿಷಯ ಪೂರ್ತಿ ಕೇಳಿದ ಮೇಲೆ ಓಣಿಯ ಹೆಂಗಸರನ್ನೆಲ್ಲ ಸೇರಿಸುತ್ತೇನೆ ಎಂದು ಒಪ್ಪಿದಳು. ಮಾತಿನ ತರಬೇತಿಯ ಕೋಣೆಗೆ ನಾಲ್ಕು ಕೌದಿ, ಹಳೆ ಸೀರೆಯವು. ದುಡ್ಡು ಕೊಟ್ಟು ತರಿಸುವ ಫೋಮಿನ ಹಲಗೆ ಬೇಡ.

ನಾಲ್ಕನೆಯ ದಿನ: ಎರೆ ಮಣ್ಣು, ಅಜ್ಜನ ಮನೆ

ಮರಳುವಾಗ ಕೊಲ್ಹಾರಕ್ಕೆ ಮೊದಲೇ ಒಂದು ಹಳ್ಳಿಯಲ್ಲಿ ರಸ್ತೆಯಿಂದಲೇ ಹಳೆಯ ಮಾಳಿಗೆ ಮನೆಯೊಂದು ಕಾಣಿಸಿತು. ಇಳಿದು ನೋಡೋಣ ಎಂದೆ. ತಪ್ಪು ಅಲ್ಲೇ ಆಯಿತು. ರಾತ್ರಿಯ ಮಳೆಗೆ ಎರೆ ನೆನೆದಿತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿಗಳು ಕೆಸರಲ್ಲಿ ಹೂತವು. ತಳ್ಳಿದಷ್ಟೂ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತಿತು. ಮಗಳು ಮುಂದಕ್ಕೆ ಮುಗ್ಗರಿಸಿದಳು. ಪಟ್ಟಿ ಕಟ್ಟಿದ್ದರಿಂದ ಬೀಳಲಿಲ್ಲ. ನೆನೆದ ಎರೆಯಲ್ಲಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ದೊಡ್ಡ ಗಾಲಿಯ ಮೇಲೆ ಹಿಮ್ಮುಖವಾಗಿ ಎಳೆಯಬೇಕು. ಅದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ.

ಹೊಲದಿಂದ ಬರುತ್ತಿದ್ದ ಅಜ್ಜ ನೋಡಿದರು. “ಎರಿ ಹಿಡದ್ರ ಎತ್ತನ್ನೂ ಬಿಡೂದಿಲ್ಲ ತಂಗಿ, ತಡಿ” ಎಂದು ಕುರ್ಚಿಯ ಒಂದು ಬದಿ ಎತ್ತಿದರು. ಆ ಮನೆ ಅವರದೇ. “ಬರ್ರಿ ಒಳಗ. ಗಾಲಿ ತೊಳಕೊಂಡು, ಒಂದೀಟು ಮಜ್ಜಗಿ ಕುಡದು ಹೋಗ್ರಿ.”

ದೊಡ್ಡ ಬಾಗಿಲು. ತಮ್ಮ ಎತ್ತಲು ಬಗ್ಗಿದ. ಅಷ್ಟರಲ್ಲಿ ಮಗಳು ತಾನೇ ಗಾಲಿ ತಿರುವಿಕೊಂಡು ಒಳಗೆ ಹೋಗಿದ್ದಳು! ಹೊಸ್ತಿಲ ಜಾಗದಲ್ಲಿ ಅಗಲವಾದ ಒಂದು ಕಲ್ಲು, ಸಣ್ಣ ಇಳಿಜಾರಿನಲ್ಲಿ ಹಾಸಿದ್ದು. ಅದರ ಮೇಲೆ ಅಡ್ಡಡ್ಡ ಗೀರುಗಳು. ನಾಲ್ಕು ದಿನದಲ್ಲಿ ಅವಳು ಯಾರ ಸಹಾಯವೂ ಇಲ್ಲದೆ ಹೊಕ್ಕ ಮೊದಲ ಕಟ್ಟಡ ಅದು.

ಅಜ್ಜ ಹೇಳಿದರು: “ಎತ್ತು ಇದ ಬಾಗಲದಾಗ ಒಳಗ ಬರ್ತಿದ್ವು. ಮಳಿಗಾಲದಾಗ ಕಾಲು ಜಾರಿ ಮುರಕೊಂಡ್ರ ಏನ್ ಮಾಡೂದ್ರಿ? ಅದಕ್ಕ ನಮ್ಮಪ್ಪ ಕಲ್ಲಿಗೆ ಟಾಕಿ ಹೊಡಿಸಿದ್ದ.”

ಒಳಗೆ ಮುಂಭಾಗದಲ್ಲಿ ದನ ಕಟ್ಟುವ ಜಾಗ, ಅದರಾಚೆ ಎರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ಹಾಗಾಗಿ ಮಗಳು ದನದ ಜಾಗದವರೆಗೆ ತಾನೇ ಬಂದಳು. ಪಡಸಾಲೆಗೆ ಎತ್ತಿಕೊಳ್ಳಬೇಕಾಯಿತು. ಆ ಮನೆಯ ತಂಪು ನನ್ನ ಮುಳುಗಿದ ಮನೆಯದೇ ತಂಪು. ತೊಲೆ, ಜಂತಿ, ಮೇಲೆ ಸವಳು ಮಣ್ಣು. ಬೆಳಕಿಂಡಿಯಿಂದ ಒಂದು ಬಿಸಿಲಕೋಲು ನೆಲಕ್ಕೆ ಇಳಿದಿತ್ತು. ಮಗಳು ಅದರಲ್ಲಿ ಕೈಯಾಡಿಸುತ್ತಿದ್ದಳು.

ಮಣ್ಣಿನ ಮಾಳಿಗೆಯನ್ನೇ ಹಾಕಿಸೋಣವೇ ಎಂದು ತಮ್ಮನನ್ನು ಕೇಳಿದೆ. ಅಜ್ಜನೇ ಬೇಡವೆಂದರು. ಪ್ರತಿ ವರ್ಷ ಮಳೆಗೆ ಮೊದಲು ಹೊಸ ಸವಳು ಹೊತ್ತು ಹಾಕಬೇಕು, ಅವರ ಮನೆಯಲ್ಲೇ ಈಗ ಆಳು ಸಿಗುವುದಿಲ್ಲವಂತೆ. ಥೆರಪಿ ಕೋಣೆಯಲ್ಲಿ ಉಯ್ಯಾಲೆಗೆ ಕೊಕ್ಕೆಯೂ ಬೇಕು. ಮಗು ಜೀಕುವಾಗ ಬೀಳುವ ಭಾರವನ್ನು ಹಳೆ ಜಂತಿ ತಾಳುವುದಿಲ್ಲ. ಕೊನೆಗೆ ತಮ್ಮ ತೀರ್ಮಾನಿಸಿದ್ದು ಫಿಲ್ಲರ್ ಸ್ಲ್ಯಾಬು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಅಲ್ಲಿ ಸರಳುಗಳ ನಡುವೆ ಹಂಚು ಇಟ್ಟರೆ ಸಿಮೆಂಟು ಉಳಿಯುತ್ತದೆ, ಕಾವೂ ತಗ್ಗುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಬಳಕೆಗೆ ತಂದರು. ಉಯ್ಯಾಲೆಯ ಕೋಣೆಗೆ ಮಾತ್ರ ಬೇರೆ ಕಬ್ಬಿಣದ ತೊಲೆ.

ಮಜ್ಜಿಗೆ ಕುಡಿಯುತ್ತ ಅಜ್ಜ ನಮ್ಮ ಹೊಲದ ಬಗ್ಗೆ ಕೇಳಿದರು. ಎರೆ ಎಂದ ಕೂಡಲೇ ಹುಬ್ಬು ಗಂಟಿಕ್ಕಿದರು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಬುನಾದಿಯನ್ನು ಗರಸು, ಅಂದರೆ ಗಟ್ಟಿ ಗೊರಚು ಮಣ್ಣು ಸಿಗುವವರೆಗೆ ಇಳಿಸಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ ರ್ಯಾಂಪನ್ನು ಮೇಲುಮೇಲೆ ಕಟ್ಟಿಬಿಡುತ್ತಾರೆ. ಎರಡು ವರ್ಷಕ್ಕೆ ಅದು ಕುಸಿದು, ಬಾಗಿಲಿಗೂ ಅದಕ್ಕೂ ನಡುವೆ ಎರಡು ಇಂಚು ಸಂದು ಬೀಳುತ್ತದೆ. ನಡೆಯುವವರು ಅದನ್ನು ದಾಟಿ ಹೋಗುತ್ತಾರೆ, ಕಣ್ಣಿಗೂ ಬೀಳುವುದಿಲ್ಲ. ವೀಲ್‌ಚೇರಿನ ಸಣ್ಣ ಗಾಲಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಏರಿಸುವ ಅಂಗಳದ ಕೆಳಗಿನ ಎರೆಯನ್ನೂ ತೆಗೆದು ಗರಸು ತುಂಬಿಸಬೇಕು ಎಂದು ತಮ್ಮ ಅಲ್ಲೇ ಗುರುತು ಮಾಡಿಕೊಂಡ. ಖರ್ಚು ಜಾಸ್ತಿ. ಗಾಜು ಬಿಟ್ಟಿದ್ದೇವಲ್ಲ, ಅದರ ದುಡ್ಡು ಇದಕ್ಕೆ.

ಹೊರಡುವಾಗ ತಮ್ಮ ಆ ಗೀರು ಕಲ್ಲಿನ ಮೇಲೆ ಕಾಗದ ಹರಡಿ ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡ. ಗೀರಿನ ಆಳ, ನಡುವಿನ ಅಂತರ ಎಲ್ಲ ಅಳೆದ. ಅಜ್ಜ ಮಗಳ ಕೈಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿದರು.

ಊರು ಮುಟ್ಟುವಾಗ ಸಂಜೆ ಐದು. ಮನೆಗೆ ಹೋಗದೆ ನೇರ ಹೊಲಕ್ಕೇ ಹೋದೆವು. ಅಲ್ಲಿ ಮಳೆ ಆಗಿರಲಿಲ್ಲ, ನೆಲ ಗಟ್ಟಿಯಿತ್ತು. ತಮ್ಮ ಸುಣ್ಣದ ಪುಡಿಯಿಂದ ಸುತ್ತು ಹಜಾರದ ಗೆರೆ ಹಾಕುತ್ತ ಹೋದ. ಅಷ್ಟು ಹೊತ್ತು ಮಗಳು ಒಂದು ಕಡೆ ಕುರ್ಚಿ ನಿಲ್ಲಿಸಿಕೊಂಡು ರಸ್ತೆ ನೋಡುತ್ತಿದ್ದಳು.

“ಮಾಮಾ, ನನಗೆ ಇಲ್ಲಿ ಕಿಟಕಿ ಬೇಕು. ಬಸ್ ಕಾಣಬೇಕು.”

ತಮ್ಮ ಟೇಪು ತಂದು ಅವಳ ಮುಂದೆ ಮಂಡಿಯೂರಿದ. ನೆಲದಿಂದ ಅವಳ ಕಣ್ಣಿಗೆ ಮೂರೂ ಕಾಲು ಫುಟು. ಎದೆಮಟ್ಟಕ್ಕೆ ಎರಡೂವರೆ. ಕಿಟಕಿಯ ಕಟ್ಟೆ ಎರಡೇ ಫುಟಿಗಿರಲಿ ಎಂದ. ಟೇಪಿನ ಇನ್ನೊಂದು ತುದಿಯನ್ನು ಅವಳ ಕೈಗೇ ಕೊಟ್ಟ.